ಹಿಂದುಮುಂದು ಗೊತ್ತಿಲ್ಲದ ಹೆಡ್‌ಸೆಟ್

ಆ ಹೆಡ್‌ಸೆಟ್ಟಿನ ಡಬ್ಬಿಯ ಮೇಲೆ ಒಬ್ಬ ಮನುಷ್ಯನ ತಲೆಯ ಚಿತ್ರವಿತ್ತು. ತಲೆಯ ಸುತ್ತ ಏಳು ಬಾಣಗಳು, ಏಳು ದಿಕ್ಕಿನಿಂದ ಕಿವಿಯ ಕಡೆಗೆ. ಡಬ್ಬಿಯೊಳಗಿದ್ದದ್ದು ಎಲ್ಲ ಹೆಡ್‌ಫೋನುಗಳಲ್ಲೂ ಇರುವಂತೆ ಎರಡೇ ಸ್ಪೀಕರು. ನಾನು ಭೌತಶಾಸ್ತ್ರದಲ್ಲಿ ಎಂ.ಎಸ್‌ಸಿ. ಮಾಡಿ, ಮಧುಗಿರಿಯಲ್ಲಿ ಡಿಗ್ರಿ ಹುಡುಗಿಯರಿಗೆ ಶಬ್ದದ ಅಲೆಗಳ ಪಾಠ ಹೇಳುವವಳು. ಎರಡು ಸ್ಪೀಕರಿನಿಂದ ಏಳು ದಿಕ್ಕು ಬರುತ್ತದೆಂದರೆ ಉಳಿದ ಐದನ್ನು ಯಾವುದೋ ಲೆಕ್ಕ ಹಾಕಿ ಹುಟ್ಟಿಸಿರುತ್ತಾರೆ ಎಂದು ಕೊಳ್ಳುವ ಮೊದಲೇ ಹೊಳೆಯಬೇಕಿತ್ತು. ಹೊಳೆದೂ ಇತ್ತು. ಆದರೂ ಕೊಂಡೆ. ಆ ತಿಂಗಳ ಸಂಬಳದ ದೊಡ್ಡ ಪಾಲು ಅದಕ್ಕೇ ಹೋಯಿತು. ನನ್ನ ಸಿಟ್ಟು ಹೆಡ್‌ಸೆಟ್ಟಿನ ಮೇಲೋ ನನ್ನ ಮೇಲೋ ಎಂದು ಈಗಲೂ ಖಚಿತವಾಗಿ ಹೇಳಲಾರೆ.

ಕೊಂಡದ್ದಕ್ಕೆ ಕಾರಣವಿತ್ತು. ಎಂ.ಎಸ್‌ಸಿ.ಯಲ್ಲಿ ಒಂದೇ ತರಗತಿಯಲ್ಲಿದ್ದ ನಾವು ನಾಲ್ವರು ಓದು ಮುಗಿಸಿ ನಮ್ಮ ನಮ್ಮ ಊರಿಗೆ ಮರಳಿದೆವು. ನಾನು ಮಧುಗಿರಿ, ಗೆಳತಿಯರಲ್ಲಿ ಒಬ್ಬಳು ಶಿರಾ, ಇನ್ನೊಬ್ಬಳು ಪಾವಗಡ, ಗೆಳೆಯ ಕೊರಟಗೆರೆ. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ನಾಲ್ಕೂ ಊರು ಒಂದು ಆನ್‌ಲೈನ್ ಬಂದೂಕಿನ ಆಟದಲ್ಲಿ ಸೇರುತ್ತವೆ. ಮನೆಯಲ್ಲಿ ನಾನು ಮಗಳು, ಕಾಲೇಜಿನಲ್ಲಿ ಮೇಡಂ. ಆ ಎರಡು ಗಂಟೆ ಎರಡೂ ಅಲ್ಲ. ಅದು ನನಗೆಷ್ಟು ಮುಖ್ಯ ಎಂಬುದನ್ನು ಆ ಮೂವರಿಗೂ ನಾನು ಹೇಳಿರಲಿಲ್ಲ.

ಆದರೆ ನಾನು ಚೆನ್ನಾಗಿ ಆಡುತ್ತಿರಲಿಲ್ಲ. ಪ್ರತಿ ಸಲವೂ ಯಾರೋ ಹಿಂದಿನಿಂದ ಬಂದು ಹೊಡೆದು ಹೋಗುತ್ತಿದ್ದರು.

"ಮತ್ತೆ ಬೆನ್ನಿಗೇ ಹೊಡಿಸ್ಕಂಡ್ಯೇನಮ್ಮ?" ಎನ್ನುತ್ತಿದ್ದ ಕೊರಟಗೆರೆಯವನು. "ಹೆಜ್ಜೆ ಸಪ್ಪಳ ಕೇಳ್ಸಲ್ವಾ ನಿಂಗೆ?"

ನನ್ನ ಹಳೆಯ ಇಯರ್‌ಫೋನಿನಲ್ಲಿ ಹೆಜ್ಜೆಯ ಸಪ್ಪಳ ಕೇಳುತ್ತಿತ್ತು, ಎಲ್ಲಿಂದ ಎಂದು ಮಾತ್ರ ತಿಳಿಯುತ್ತಿರಲಿಲ್ಲ. ಅಷ್ಟರಲ್ಲಿ ಒಂದು ಆನ್‌ಲೈನ್ ಪಂದ್ಯಕ್ಕೆ ಹೆಸರು ಕೊಡುವುದೆಂದಾಯಿತು. ಒಂದೇ ಮಧ್ಯಾಹ್ನ ಎರಡು ಸುತ್ತು. ತಂಡಕ್ಕೆ ನಾಲ್ಕೇ ಜನ, ಬೇಕಿದ್ದರೆ ನಡುವೆ ಒಬ್ಬರನ್ನು ಬದಲಾಯಿಸಬಹುದು. ತನ್ನ ಚಿಕ್ಕಪ್ಪನ ಮಗ ಸೊಗಸಾಗಿ ಆಡುತ್ತಾನೆ ಎಂದು ಕೊರಟಗೆರೆಯವನು ಎರಡು ಭಾನುವಾರ ಹೇಳಿದ. ಯಾರ ಬದಲಿಗೆ ಎಂದು ಅವನು ಹೇಳಲಿಲ್ಲ, ನಾನು ಕೇಳಲಿಲ್ಲ. ಸೋಮವಾರ ಹೆಡ್‌ಸೆಟ್ ತರಿಸಿದೆ.

ಬಂದ ದಿನವೇ ತಕರಾರು ಶುರು. ಏಳು ದಿಕ್ಕು ಕೇಳಬೇಕಾದರೆ ಅವರದೇ ಒಂದು ಸಾಫ್ಟ್‌ವೇರ್ ಹಾಕಿಕೊಳ್ಳಬೇಕು. ಹಾಕಿದರೆ ಅದು ಲಾಗಿನ್ ಕೇಳಿತು. ಲಾಗಿನ್ ಆದರೆ ಅಪ್‌ಡೇಟ್ ಕೇಳಿತು. ಅಪ್‌ಡೇಟ್ ಆದ ಮೇಲೆ ಹೆಡ್‌ಸೆಟ್ಟೇ ಸಿಕ್ಕಿಲ್ಲ ಎಂದಿತು. ಕಿತ್ತು ಹಾಕಿ, ಕಿತ್ತು ಹಾಕಿ, ಕೊನೆಗೂ ಸರೌಂಡ್ ಎಂಬ ಆ ಏಳು ದಿಕ್ಕಿನ ಸದ್ದು ಆನ್ ಆಯಿತು. ಆಟ ತೆರೆದೆ. ಗುಂಡಿನ ಸದ್ದು, ಗಾಳಿ, ಹೆಜ್ಜೆ, ಎಲ್ಲವೂ ಖಾಲಿ ನೀರಿನ ಟ್ಯಾಂಕಿನೊಳಗಿಂದ ಬಂದಂತೆ ಗುಂಯ್ ಎನ್ನುತ್ತಿತ್ತು. ಎಡ ಬಲವಾದರೂ ಪರವಾಗಿಲ್ಲ. ಮುಂದೆ, ಹಿಂದೆ ಎರಡೂ ಒಂದೇ. ಮುಂದಿನವನ ಸದ್ದೂ ಹಿಂದಿನವನ ಸದ್ದೂ ಎರಡು ಕಿವಿಗೂ ಒಟ್ಟಿಗೇ ತಲುಪುತ್ತದೆ. ಮುಂದೆ ಯಾವುದು, ಹಿಂದೆ ಯಾವುದು ಎಂಬ ವ್ಯತ್ಯಾಸವನ್ನು ಹಿಡಿಯುವುದು ನಮ್ಮ ಹೊರಕಿವಿಯ ಮಡಿಕೆಗಳು. ಈ ಸಾಫ್ಟ್‌ವೇರು ಯಾವ ಸರಾಸರಿ ಕಿವಿಯ ಅಳತೆ ಇಟ್ಟುಕೊಂಡಿತ್ತೋ, ನನ್ನದಂತೂ ಅಲ್ಲ. ಮೇಲಾಗಿ ಹತ್ತು ನಿಮಿಷಕ್ಕೆ ಕಿವಿ ಬೆವರಿ ಅಂಟುತ್ತಿತ್ತು. ಏಪ್ರಿಲ್ ತಿಂಗಳ ಮಧುಗಿರಿಯಲ್ಲಿ ಕಿವಿಗೆ ಸ್ವೆಟರ್ ಹಾಕಿಕೊಂಡ ಹಾಗೆ.

ಅದು ಚೆನ್ನಾಗಿ ಮಾಡುತ್ತಿದ್ದ ಕೆಲಸ ಒಂದೇ, ನಮ್ಮಮ್ಮನ ಕರೆ ಕೇಳದಂತೆ ನೋಡಿಕೊಳ್ಳುವುದು. ಅಮ್ಮ ಬಂದು ನನ್ನ ಭುಜ ಅಲುಗಾಡಿಸಿದಳು.

"ಆಗ್ಲಿಂದ ಕೂಗ್ತಾ ಇದೀನಿ ಕಣೇ. ಕಿವಿ ಮ್ಯಾಲೆ ಎಂತದೇ ಅದು, ಎರಡು ಚೊಂಬು ಬೋರಲು ಹಾಕ್ದಂಗೈತೆ?"

"ಹೆಡ್‌ಸೆಟ್ ಅಮ್ಮ."

"ಎಷ್ಟಾಯ್ತು?"

"ಆಫರಲ್ಲಿತ್ತು," ಎಂದೆ. ಸುಳ್ಳಲ್ಲ. ಉತ್ತರವೂ ಅಲ್ಲ.

ಪಂದ್ಯದ ಭಾನುವಾರ ಅದನ್ನೇ ಹಾಕಿಕೊಂಡು ಕುಳಿತೆ. ಅಷ್ಟು ದುಡ್ಡು ಕೊಟ್ಟು ತಂದದ್ದನ್ನು ತೆಗೆದಿಡಲು ಮನಸ್ಸು ಬರಲಿಲ್ಲ. ಆ ಆಟದಲ್ಲಿ ಪೆಟ್ಟು ಬಿದ್ದು ಶಕ್ತಿ ಇಳಿದರೆ ಚೀಲದಲ್ಲಿರುವ ಬಾಟಲಿ ತೆಗೆದು ಕುಡಿಯಬೇಕು. ಕುಡಿಯುವ ಐದಾರು ಸೆಕೆಂಡು ಅಲುಗಾಡುವಂತಿಲ್ಲ, ಗುಂಡು ಹಾರಿಸುವಂತಿಲ್ಲ. ಮೊದಲ ಸುತ್ತಿನಲ್ಲಿ ಹೇಗೋ ಕೊನೆಯ ತನಕ ಉಳಿದಿದ್ದೆವು. ಒಂದೆರಡು ಪೆಟ್ಟು ತಿಂದು ನಾನು ಒಂದು ಗೋಡೆಯ ಮರೆಯಲ್ಲಿದ್ದೆ. ಹೆಜ್ಜೆಯ ಸಪ್ಪಳ ಕೇಳಿತು. ಟ್ಯಾಂಕಿನೊಳಗಿನ ಅದೇ ಗುಂಯ್. ಮುಂದೋ ಹಿಂದೋ ತಿಳಿಯದು. ಆಗ ಪಾವಗಡದವಳ ದನಿ, ಕಿವಿಯೊಳಗೇ ನಿಂತು ಕಿರುಚಿದಂತೆ ಸ್ಪಷ್ಟವಾಗಿ:

"ಕುಡಿ! ಲೇ, ಕುಡಿ, ಕುಡಿ!"

ಬಾಟಲಿ ತೆಗೆದು ಕುಡಿದೆ. ಕುಡಿಯುತ್ತಿದ್ದಂತೆಯೇ ಬಲಗಡೆಯಿಂದ ಒಬ್ಬ ಬಂದು, ಅವಸರವೇ ಇಲ್ಲದೆ, ನನ್ನನ್ನು ಹೊಡೆದ. ಮುಂದಿನ ಅರ್ಧ ನಿಮಿಷದಲ್ಲಿ ಉಳಿದ ಮೂವರೂ ಹೋದರು.

"ಅರೆ, ಅಲ್ಲಿ ನಿಂತ್ಕೊಂಡು ಆರಾಮಾಗಿ ಯಾಕೆ ಕುಡೀತಿದ್ದೆ ನೀನು?" ಎಂದಳು ಶಿರಾದವಳು. "ದಾವತ್ತಿಗೆ ಬಂದಿದ್ಯಾ?"

"ಅವಳೇ ಕುಡಿ ಅಂದಳು."

"ನಾನ್ಯಾವಾಗ ಕುಡಿ ಅಂದೆ? ನಾನು ಕುಡಿ ಅಂದಿದ್ದು..." ಪಾವಗಡದವಳು ಅಲ್ಲಿಗೇ ನಿಂತಳು. "ಅಯ್ಯೋ ದೇವುಡಾ."

ಅವಳ ಮನೆಮಾತು ತೆಲುಗು. ತೆಲುಗಿನಲ್ಲಿ ಕುಡಿ ಅಂದರೆ ಬಲಗಡೆ. ದಿನವೂ ಆಡುವಾಗ ರೈಟು, ಲೆಫ್ಟು ಎನ್ನುತ್ತಿದ್ದವಳಿಗೆ ಗಾಬರಿಯಲ್ಲಿ ಮನೆಮಾತು ಬಂದುಬಿಟ್ಟಿತ್ತು. ನನಗೆ ಆ ಪದ ಗೊತ್ತಿರಲಿಲ್ಲವೆಂದಲ್ಲ. ನಮ್ಮಲ್ಲಿ ಪಾವಗಡದ ದಾರಿ ಹಿಡಿದು ಮಿಡಿಗೇಶಿ ದಾಟುವಷ್ಟರಲ್ಲಿ ಬಸ್ಸಿನೊಳಗಿನ ಅರ್ಧ ಮಾತು ತೆಲುಗೇ. ಆ ಕ್ಷಣಕ್ಕೆ ನೆನಪಾಗಲಿಲ್ಲ, ಅಷ್ಟೆ. ಇಡೀ ಪಂದ್ಯದಲ್ಲಿ ಆ ದುಬಾರಿ ಹೆಡ್‌ಸೆಟ್ಟು ನನಗೆ ಸ್ಪಷ್ಟವಾಗಿ ಕೇಳಿಸಿದ್ದು ಆ ಒಂದು ಪದವನ್ನು.

ಹೆಣ್ಣುಮಕ್ಕಳಿಬ್ಬರೂ ನಕ್ಕು ನಕ್ಕು ಸುಸ್ತಾದರು. ಕೊರಟಗೆರೆಯವನು ನಗಲಿಲ್ಲ.

"ಎರಡನೇ ಸುತ್ತಿಗೆ ಹತ್ತು ನಿಮಿಷ ಐತೆ," ಎಂದ. "ನಮ್ ಚಿಕ್ಕಪ್ಪನ ಮಗ ಇಲ್ಲೇ ಪಕ್ಕದಲ್ಲಿ ಕೂತವ್ನೆ. ನೀನು ಬೇಜಾರು ಮಾಡ್ಕಬ್ಯಾಡ."

ಇಂಥ ಕಡೆ ನಾನು ಸಾಮಾನ್ಯವಾಗಿ "ಸರಿ" ಎನ್ನುತ್ತೇನೆ. ಆ ಎರಡಕ್ಷರ ನಾಲಿಗೆಯ ತುದಿಗೆ ಬಂದೂ ಇತ್ತು. ಆದರೆ ಕಿವಿ ಉರಿಯುತ್ತಿತ್ತು, ತಲೆ ಸಿಡಿಯುತ್ತಿತ್ತು.

"ಅವನಿಗೆ ತೆಲುಗು ಬರುತ್ತಾ?" ಎಂದೆ.

"ಇಲ್ಲ. ಯಾಕೆ?"

"ಹಾಗಾದರೆ ಅವನೂ ಕುಡೀತಾನೆ. ನಾನು ಒಂದು ಸಲ ಕುಡಿದಾಯ್ತು, ಇನ್ನು ಕುಡಿಯಲ್ಲ. ನಾನೇ ಆಡ್ತೀನಿ."

ಶಿರಾದವಳು, "ಶಾಬಾಶ್" ಎಂದಳು. "ಸರಿ, ಆಡವ್ವ," ಎಂದ ಕೊರಟಗೆರೆಯವನು. ಪಾವಗಡದವಳು ಇನ್ನು ಮೇಲೆ ಬಾಯಲ್ಲಿ ಕನ್ನಡ ಬಿಟ್ಟು ಬೇರೆ ಬರುವುದಿಲ್ಲ ಎಂದು ಆಣೆ ಮಾಡಿದಳು.

ನಾನು ಸರೌಂಡ್ ಆಫ್ ಮಾಡಿದೆ. ಟ್ಯಾಂಕಿನ ಗುಂಯ್ ನಿಂತು, ಬರೀ ಎಡ, ಬರೀ ಬಲ ಉಳಿಯಿತು. ದುಡ್ಡು ಕೊಟ್ಟದ್ದು ಯಾವುದಕ್ಕೋ ಅದನ್ನೇ ಆಫ್ ಮಾಡಿದ ಮೇಲೆ ವಸ್ತು ಚೆನ್ನಾಗಿ ಕೆಲಸ ಮಾಡುವುದಾದರೆ ಅದನ್ನು ಏನೆಂದು ಕರೆಯಬೇಕು?

ಎರಡನೇ ಸುತ್ತಿನಲ್ಲಿ ಇಬ್ಬರನ್ನು ಹೊಡೆದೆ. ಆಮೇಲೆ ನನಗೂ ಪೆಟ್ಟು ಬಿತ್ತು. ಶಕ್ತಿ ಪಟ್ಟಿ ಕೆಂಪಾಯಿತು. ಪಾವಗಡದವಳು ಕೂಗಿದಳು, "ಕುಡಿ! ಬೇಗ ಕುಡಿ!"

ತಟ್ಟನೆ ಬಲಕ್ಕೆ ತಿರುಗಿದೆ. ಅಲ್ಲಿ ಯಾರೂ ಇರಲಿಲ್ಲ. ಈ ಸಲ ಅವಳು ಕನ್ನಡದಲ್ಲೇ ಹೇಳಿದ್ದಳು.

ಬಾಟಲಿಗೆ ಕೈ ಹಾಕುವಷ್ಟರಲ್ಲಿ ನಾನು ಗುಂಡು ತಿಂದೆ. ಆಗ ಮೊದಲು ನಕ್ಕವನು ಕೊರಟಗೆರೆಯವನೇ. ನಗುತ್ತಲೇ ಅವನೂ ಗುಂಡು ತಿಂದ. ಒಟ್ಟು ಪಟ್ಟಿಯಲ್ಲಿ ನಾವು ಕೊನೆಯಿಂದ ಎರಡನೆಯವರು.

ಮರುದಿನ ಸಂಜೆ ಹೆಡ್‌ಸೆಟ್ ವಾಪಸ್ ಕಳಿಸಲು ಮೊಬೈಲಿನಲ್ಲಿ ಅರ್ಜಿ ತುಂಬುತ್ತಿದ್ದೆ. ನಮ್ಮ ಗುಂಪಿನಲ್ಲಿ ಕೊರಟಗೆರೆಯವನ ಮೆಸೇಜು ಬಂತು: "ಬಲ ಅಂದ್ರೆ ಬಲ. ಕುಡಿ ಅಂದ್ರೆ ಬಾಟ್ಲಿ. ಬರೋ ಭಾನುವಾರದೊಳಗೆ ನಾಲ್ಕೂ ಜನ ಬಾಯಿಪಾಠ ಮಾಡ್ಕಂಡು ಬರ್ರಿ." ನಾಲ್ಕೂ ಜನ ಎಂದು ಬರೆದಿದ್ದ. ಇನ್ನೊಮ್ಮೆ ಓದಿ ಅರ್ಜಿಗೆ ಮರಳಿದೆ. ಹಿಂದಿರುಗಿಸಲು ಕಾರಣವೇನು ಎಂದು ಕೇಳಿ, ಆರಿಸಿಕೊಳ್ಳಲು ಮೂರು ಉತ್ತರ ಕೊಟ್ಟಿದ್ದರು. ಬಣ್ಣ ಇಷ್ಟವಾಗಲಿಲ್ಲ. ತಡವಾಗಿ ಬಂತು. ಅಳತೆ ಸರಿಯಿಲ್ಲ. ಬರೆಯಲು ಜಾಗ ಕೊಟ್ಟಿರಲಿಲ್ಲ. "ಅಳತೆ ಸರಿಯಿಲ್ಲ" ಎಂಬುದನ್ನು ಒತ್ತಿದೆ.