ಹಸಿರು ಚುಕ್ಕೆ ನಿಂತ ಕಡೆ

ಹಿರಿಯೂರಿನ ಕಚೇರಿಗೆ ದಿನಾ ಬಸ್ಸಿನಲ್ಲಿ ನೇತಾಡಿಕೊಂಡು ಹೋಗಿಬರುವ ಗುಮಾಸ್ತ ನಾನು. ಸಂಜೆ ಚಿತ್ರದುರ್ಗದ ಮನೆಗೆ ಬಂದು ಕೈಕಾಲು ತೊಳೆದ ಮೇಲೆ ಪೈಲಟ್. ಕಣ್ಣ ಮುಂದೆ ಆಟದ ಲೋಕ ತೆರೆಯುವ ವಿಆರ್ ಹೆಡ್‌ಸೆಟ್ಟನ್ನು ತಲೆಗೆ ಏರಿಸಿಕೊಂಡೆನೆಂದರೆ, ಭಾರಿ ವಿಮಾನವೊಂದನ್ನು ಚಂದ್ರವಳ್ಳಿ ಕೆರೆಯ ಮೇಲೆ ತಿರುಗಿಸಿ ಇಳಿಸುತ್ತಿದ್ದೆ. ನಿಜವಾದ ವಿಮಾನ ಹತ್ತಿದವನಲ್ಲ ಬಿಡಿ. ಕಾಕ್‌ಪಿಟ್ಟಿನ ಸಣ್ಣ ಅಕ್ಷರವನ್ನೂ ಓದಬಹುದು, ಅಷ್ಟು ನಿಚ್ಚಳ. ಮೇಲಾಗಿ ಅದರೊಳಗಿನ ಪುಟ್ಟ ಕ್ಯಾಮೆರಾ ನಮ್ಮ ಕಣ್ಣು ಎತ್ತ ಹೊರಳಿತೆಂದು ಪತ್ತೆ ಹಚ್ಚಿ, ಆ ಜಾಗವನ್ನು ಇನ್ನಷ್ಟು ಸ್ಪಷ್ಟ ಮಾಡುತ್ತದೆ. ಅವ್ವನ ಪ್ರಕಾರ ಮಾತ್ರ ಅದು ಗಾಣದ ಎತ್ತಿಗೆ ಕಟ್ಟುವ ಕಣ್ಣಪಟ್ಟಿ.

ಹೀಗಿರುವಾಗ ಹೊಸದುರ್ಗದ ಕಡೆಯವರು ನಮ್ಮ ಮನೆ ನೋಡಲು ಬಂದರು. ಅವರ ಹುಡುಗಿಯನ್ನು ನಾವು ಆಗಲೇ ನೋಡಿ ಬಂದಿದ್ದೆವು. ಅವತ್ತಿನಿಂದ ನನ್ನ ವಿಮಾನ ರನ್‌ವೇ ಬಿಟ್ಟು ಹೊಲದಲ್ಲಿ ಇಳಿಯುತ್ತಿತ್ತು. ಈ ಸಂಬಂಧ ಕೂಡಿಬರದಿದ್ದರೆ ನಾನು ಉಳಿಯುವುದಿಲ್ಲ ಎನ್ನುವಷ್ಟು ಆಸೆ. ಈಗಿನ ಕಾಲವಲ್ಲವೇ, ಹುಡುಗಿಯೂ ಜೊತೆಗೆ ಬಂದಿದ್ದಳು.

ಹಿರಿಯರು ತೋಟ, ಬೋರ್‌ವೆಲ್, ಛತ್ರ ಎಲ್ಲ ಮಾತಾಡಿ ಮುಗಿಸಿದರು. "ಹುಡುಗೀನೂ ಒಂದ್ಮಾತು ಕೇಳ್ರಿ" ಎಂದರು ನಮ್ಮ ಚಿಕ್ಕಪ್ಪ.

"ಅವಳ್ದೇನೈತೆ, ನಾವು ಹ್ಞೂಂ ಅಂದ್ರೆ ಮುಗೀತು" ಎಂದರು ಅವಳ ಸೋದರಮಾವ. ನನಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷ.

ಅಷ್ಟಕ್ಕೇ ಸುಮ್ಮನಿರಬಾರದೆ? ಪೈಲಟ್‌ಗಿರಿ ತೋರಿಸುವ ಚಪಲಕ್ಕೆ ಹೆಡ್‌ಸೆಟ್ಟನ್ನು ಹಾಲ್‌ಗೆ ತಂದು ಟಿವಿಗೆ ಜೋಡಿಸಿದೆ. ಹಾಕಿಕೊಂಡವರಿಗೆ ಕಾಣುವುದೆಲ್ಲ ಟಿವಿಯಲ್ಲೂ ಬರುತ್ತದೆ. ಅವರ ಕಣ್ಣು ನೆಟ್ಟ ಕಡೆ ಒಂದು ಹಸಿರು ಚುಕ್ಕೆ. ಮೊದಲು ಸೋದರಮಾವನವರೇ ಕೂತರು. ಅವರ ಹಣೆಯ ವಿಭೂತಿ ಉದುರಿ ಒಳಗಿನ ಕ್ಯಾಮೆರಾಕ್ಕೆ ಮೆತ್ತಿಕೊಂಡು, ಕಣ್ಣೇ ಸಿಗುತ್ತಿಲ್ಲವೆಂದು ಟಿವಿಯಲ್ಲಿ ಬಂತು.

"ಹಣೆ ಸ್ವಲ್ಪ ಒರೆಸ್ಕಳ್ರಿ" ಎಂದೆ.

"ವಿಭೂತಿ ಒರೆಸ್ಕಂಡು ನೋಡೋ ಅಂಥದ್ದು ನನಗೇನೂ ಬ್ಯಾಡಪ್ಪ" ಎಂದು ತೆಗೆದು ಹುಡುಗಿಯ ಕೈಗೆ ಕೊಟ್ಟರು.

ನಾನೇ ಕ್ಯಾಮೆರಾ ಒರೆಸಿಕೊಟ್ಟೆ, ಅವಳು ಹಾಕಿಕೊಂಡಳು. ವಿಮಾನದಲ್ಲಿ ಅವಳಿಗೆ ತಲೆ ಸುತ್ತೀತೆಂದು, ಹೆಡ್‌ಸೆಟ್ಟಿನ ಹೊರಗಿನ ಕ್ಯಾಮೆರಾ ಹಾಕಿ ನಮ್ಮ ಮನೆಯ ಹಾಲ್ ಅನ್ನೇ ತೋರಿಸಿದೆ. ಟಿವಿಯಲ್ಲಿ ನಾವೆಲ್ಲ ಸಾಲಾಗಿ ಮೂಡಿದೆವು. ನಾನು ಶರಟಿನ ಕಾಲರ್ ಸರಿಮಾಡಿಕೊಂಡು ನಗುತ್ತ ನಿಂತೆ.

ಚುಕ್ಕೆ ಹೊರಟಿತು. ಫ್ಯಾನು, ದೇವರ ಗೂಡು, ಮಂಡಕ್ಕಿ ತಟ್ಟೆ ನೋಡಿತು. ಅವ್ವನ ಮುಖದ ಮೇಲೆ ತುಸು ನಿಂತಿತು. ನನ್ನ ಹತ್ತಿರ ಬಂದು, ಗುಂಡಿ ಕಂಡ ಬಸ್ಸಿನ ಹಾಗೆ ಪಕ್ಕಕ್ಕೆ ಸರಿದು, ಬಾಗಿಲಿಗೆ ಹೋಗಿ ನಿಂತಿತು. ಬಾಗಿಲಾಚೆ ಅವರ ಕಾರಿತ್ತು.

"ಎಡಕ್ಕೆ ನೋಡ್ರಿ" ಎಂದೆ. ಎಡಕ್ಕೆ ನಾನೇ ಇದ್ದೆ. ಚುಕ್ಕೆ ಎಡಕ್ಕೆ ಬಂದು, ನನ್ನ ಹಿಂದಿನ ಕ್ಯಾಲೆಂಡರ್ ನೋಡಿ, ಮತ್ತೆ ಬಾಗಿಲಿಗೇ ಹೋಯಿತು. ಹಿರಿಯರೆಲ್ಲ ಟಿವಿ ನೋಡುತ್ತಿದ್ದರು.

ಸೋದರಮಾವ ಟವೆಲ್ ಹೆಗಲಿಗೆ ಹಾಕಿಕೊಂಡರು. "ಮೊದ್ಲೇ ನಿನ್ನ ಕೇಳ್ಬೇಕಿತ್ತು ನಾವು. ಹೋಗಾಣ ನಡಿಯವ್ವ" ಎಂದರು ಮೆತ್ತಗೆ.

ಅವರು ಹೋದ ಮೇಲೆ ಅವ್ವ ಆ ಸುಡುಗಾಡು ಮಿಷಿನ್ನಿಗೆ ಮನಸಾರೆ ಬೈದಳು. ನನಗೆ ಅಳು ಬಂದದ್ದು ಬೇರೆಯದಕ್ಕೆ. ಇಷ್ಟು ವರ್ಷ ಹೆಣ್ಣು ನೋಡಲು ಹೋದಲ್ಲೆಲ್ಲ ಹುಡುಗಿಯರು ತಲೆ ತಗ್ಗಿಸಿ ನೆಲ ನೋಡುತ್ತಿದ್ದರು. ನಾನು ಅದನ್ನು ನಾಚಿಕೆ ಅಂದುಕೊಂಡು ಖುಷಿಯಿಂದ ಬಸ್ಸು ಹತ್ತುತ್ತಿದ್ದೆ.