ಬಲ್ಲಣ್ಣ ಬಿಚ್ಚಿದ ಬೈಕು

ಕನ್ನಡಕದ ಅಂಗಡಿಯವನಿಗೆ ಬೀದಿಯವರು ಇಟ್ಟ ಹೆಸರು ಬಲ್ಲಣ್ಣ. ಆ ಹೆಸರಿನೊಳಗಿದ್ದ ಕುಚೋದ್ಯ ಒಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಅವನಿಗೆ ಗೊತ್ತಿತ್ತು. ಮನೆಯ ನಲ್ಲಿ ಸೋರಿದರೆ ರಿಪೇರಿಯವನನ್ನು ಕರೆಯಗೊಡುತ್ತಿರಲಿಲ್ಲ. ತಾನೇ ಕೂತು ತಿರುಚಿ, ಕೊನೆಗೆ ಇಡೀ ಮನೆಯ ನೀರು ನಿಲ್ಲಿಸಿ, "ಈಗ ಸೋರುತ್ತಾ ನೋಡು" ಅಂತ ಹೆಂಡತಿಗೆ ಸವಾಲು ಹಾಕುತ್ತಿದ್ದ.

ಹೆಂಡತಿಯ ತಂಗಿ ಸರ್ವೇಯರ್. ಗುಡ್ಡ, ಕಲ್ಲುಕ್ವಾರಿ, ಹಳ್ಳದ ದಂಡೆ ಅಂತ ರಸ್ತೆಯೇ ಇಲ್ಲದ ಕಡೆ ಓಡಾಡುವವಳು. ಅದಕ್ಕೇ ಎತ್ತರದ, ಗಡ್ಡೆ ಗಡ್ಡೆ ಟೈರಿನ ಬೈಕು ಇಟ್ಟುಕೊಂಡಿದ್ದಳು. ಅಕ್ಕನ ಮನೆಗೆ ಬಂದವಳು ವಾಪಸ್ ಹೊರಡಲು ಗುಂಡಿ ಒತ್ತಿದರೆ ಸ್ಟಾರ್ಟರ್ ಮೋಟರ್ ಮಾತ್ರ ಗುಂಯ್ ಅಂತ ಸುತ್ತಿತು. ಎಂಜಿನ್ ಮಿಸುಕಲಿಲ್ಲ.

"ಸ್ಟಾರ್ಟರ್ ಕ್ಲಚ್ ಸವೆದಿದೆ ಭಾವ. ಹೊಸದು ತರಿಸ್ತೀನಿ, ಇಲ್ಲಿಗೇ ಬರುತ್ತೆ. ರಜೆ ಸಿಕ್ಕಾಗ ಬಂದು ಹಾಕ್ಕೋತೀನಿ."

"ಮನೇಲಿ ನಾನು ಬದುಕಿರೋವಾಗ ನೀನ್ಯಾಕಮ್ಮ ಕೈ ಮಸಿ ಮಾಡ್ಕೋತೀಯ?"

"ಬೇಡ ಭಾವ. ನಾನು ಬರೋವರೆಗೂ ಮುಟ್ಟಬೇಡಿ," ಅಂದು ಅವಳು ಬಸ್ಸು ಹತ್ತಿದಳು.

ಸಾಮಾನು ಬಂದ ದಿನವೇ ಬಲ್ಲಣ್ಣ ಅಂಗಡಿಗೆ ಬೀಗ ಹಾಕಿ ಅಂಗಳದಲ್ಲಿ ಕೂತ. ಎಂಜಿನ್ ಆಯಿಲ್ ಇಳಿಸಲು ಹೆಂಡತಿಯ ತರಕಾರಿ ತೊಳೆಯುವ ಬೋಗುಣಿಯೇ ಆಗಬೇಕಾಯಿತು. ಪಕ್ಕದ ಮುಚ್ಚಳ ಬಿಚ್ಚಿದರೆ ಒಳಗೆ ಆಯಸ್ಕಾಂತದ ಚಕ್ರ. ಅದನ್ನು ಎಳೆದು ತೆಗೆಯುವ ಪುಲ್ಲರ್ ಇರಲಿಲ್ಲ. ಗ್ಯಾರೇಜಿಗೆ ಹೋಗಿ, "ನನ್ನ ಸ್ನೇಹಿತ ಒಬ್ಬನಿಗೆ ಬೇಕು, ಪಾಪ ಅವನಿಗೆ ಏನೂ ಗೊತ್ತಾಗಲ್ಲ" ಅಂತ ಹೇಳಿ ತಂದ. ಸುಳ್ಳಾಡಿದೆ ಅಂದುಕೊಂಡ, ನಿಜವನ್ನೇ ಹೇಳಿದ್ದ. ಚಕ್ರ ಕಳಚಿಬಂದ ಕೂಡಲೇ ಸ್ಕ್ರೂಡ್ರೈವರ್, ಬೋಲ್ಟು, ಅಂಗಡಿಯ ಬೀಗದಕೈ, ಎಲ್ಲವೂ ಅದಕ್ಕೆ ಅಂಟಿಕೊಂಡವು.

ಸ್ಟಾರ್ಟರ್ ಕ್ಲಚ್ ಇರುವುದು ಆ ಚಕ್ರದ ಬೆನ್ನಿಗೆ. ಒಂದು ಕಡೆ ತಿರುಗಿದರೆ ಹಿಡಿಯಬೇಕು, ಇನ್ನೊಂದು ಕಡೆ ತಿರುಗಿದರೆ ಬಿಡಬೇಕು. ಅದರ ಕೆಲಸ ಅಷ್ಟೇ. ಯಾವ ಮುಖ ಒಳಗೆ, ಯಾವುದು ಹೊರಗೆ ಅಂತ ಕೈಯಲ್ಲಿ ತಿರುಗಿಸಿ ನೋಡಿದರೆ ತಕ್ಷಣ ತಿಳಿಯುತ್ತದೆ. ನೋಡುವುದು ಗೊತ್ತಿಲ್ಲದವರ ಕೆಲಸ. ಬಲ್ಲಣ್ಣ ಹೊಸ ಕ್ಲಚ್ಚನ್ನು ಹಾಗೇ ಕೂರಿಸಿ, ಬಿಗಿದು, ಹೊಸ ಆಯಿಲ್ ಸುರಿದು ಎದ್ದ.

ಗುಂಡಿ ಒತ್ತಿದ. ಗುಂಯ್ ಅಂದಿತು, ಮೊದಲಿನ ಹಾಗೇ.

"ಏನ್ರೀ, ಆಗ್ಲೂ ಹಿಂಗೇ ಅಲ್ವಾ ಅಂತಿದ್ದಿದ್ದು?" ಅಂದಳು ಹೆಂಡತಿ.

"ಇದು ಬ್ಯಾಟರಿ ದೋಷ ಕಣೇ." ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಎದುರು ಮನೆಯ ಬಡಗಿಯನ್ನೂ ಪಕ್ಕದ ಮನೆಯ ಮೇಷ್ಟ್ರನ್ನೂ ಕರೆದು ಇಳಿಜಾರಿನಲ್ಲಿ ನೂಕಿಸಿದ. ಗೇರಿಗೆ ಹಾಕಿ ಹ್ಯಾಂಡಲಿನ ಕ್ಲಚ್ ಬಿಟ್ಟ. ಎಂಜಿನ್ ಹೊತ್ತಿಕೊಂಡಿತು! ಬಲ್ಲಣ್ಣ ಒಂದು ಕೈ ಎತ್ತಿ ಬೀದಿಗೆಲ್ಲ ದರ್ಶನ ಕೊಟ್ಟ. ಅಷ್ಟರಲ್ಲಿ ಬೈಕಿನ ಹೊಟ್ಟೆಯೊಳಗಿಂದ ಕಿರ್ರೋ ಅಂತ ಚೀರಾಟ ಶುರುವಾಯಿತು. ಕ್ಲಚ್ ತಿರುವುಮುರುವಾಗಿ ಕೂತಿದ್ದರಿಂದ, ಎಂಜಿನ್ನನ್ನು ತಿರುಗಿಸಬೇಕಾದ ಮೋಟರನ್ನು ಎಂಜಿನ್ನೇ ಹಿಡಿದು ಗರಗರ ಆಡಿಸುತ್ತಿತ್ತು. ಹೊಗೆ ಎದ್ದಿತು. ಸುಟ್ಟ ವಾಸನೆಗೆ ಮೇಷ್ಟ್ರು ಮೂಗು ಮುಚ್ಚಿಕೊಂಡು ಮನೆ ಸೇರಿದರು.

ಅಕ್ಕನಿಂದ ಸುದ್ದಿ ತಿಳಿದ ನಾದಿನಿ, ಸುಟ್ಟ ಮೋಟರಿಗೆ ಬದಲಾಗಿ ಹೊಸದನ್ನು ಹಿಡಿದುಕೊಂಡೇ ಬಂದಳು. ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಬಲ್ಲಣ್ಣನಿಗೆ ಎಷ್ಟೋ ಮೇಲಾಗುತ್ತಿತ್ತು, ತಿರುಗಿ ಬೈಯಬಹುದಿತ್ತು. ಅವಳು ಎಲ್ಲ ಬಿಚ್ಚಿ, ಕ್ಲಚ್ ಮಗುಚಿ ಹಾಕಿ, ಅದರೊಳಗೆ ಕೂರುವ ಹಲ್ಲಿನ ಚಕ್ರವನ್ನು ಅವನ ಕೈಗೇ ಕೊಟ್ಟಳು.

"ತಿರುಗ್ಸಿ ಭಾವ. ಈ ಕಡೆ?"

"ಹಿಡೀತು."

"ಆ ಕಡೆ?"

"ಬಿಡ್ತು," ಅಂದ ಬಲ್ಲಣ್ಣ, ಸಣ್ಣ ದನಿಯಲ್ಲಿ. ಮತ್ತೆರಡು ಸಲ ಸುಮ್ಮನೆ ತಿರುಗಿಸಿ ನೋಡಿದ. ಅವನ ಮುಖದಲ್ಲಿ ಆಗ ಕಂಡದ್ದು ನಾಚಿಕೆಯಲ್ಲ, ಸಂತೋಷ ಅಂತ ಹೆಂಡತಿ ಇವತ್ತಿಗೂ ಹೇಳುತ್ತಾಳೆ. ಎಲ್ಲ ಮತ್ತೆ ಜೋಡಿಸಿ ಗುಂಡಿ ಒತ್ತಿದ ಕೂಡಲೇ ಬೈಕು ಗುಡುಗಿತು. ನಾದಿನಿ ಹೊರಟುಹೋದಳು.

ಆ ಸಂತೋಷ ವಾರ ಬಾಳಲಿಲ್ಲ. ಊಟದ ಡಬ್ಬಿ ಹಿಡಿದು ಹೆಂಡತಿ ಅಂಗಡಿ ಮೆಟ್ಟಿಲು ಹತ್ತುವಾಗ ಒಳಗಿಂದ, ಗಿರಾಕಿಯೊಬ್ಬನಿಗೆ ಹೇಳುತ್ತಿದ್ದ ಗಂಡನ ದನಿ ಕೇಳಿಸಿತು: "ನಮ್ಮ ನಾದಿನಿ ಆ ಕ್ಲಚ್ ರಿಪೇರಿ ಕಲಿತದ್ದೇ ನನ್ನ ಕೈಕೆಳಗೆ."

"ಹೌದ್ರೀ," ಅಂದಳು ಅವಳು, ಗಿರಾಕಿಯ ಕಡೆ ತಿರುಗಿ. "ಹೆಂಗೆ ಹಾಕಬಾರದು ಅಂತ ಇವ್ರೇ ತೋರಿಸಿಕೊಟ್ಟಿದ್ದು."

ಗಿರಾಕಿ ನಕ್ಕ. ಬಲ್ಲಣ್ಣ ಅವನ ಮೂಗಿನ ಮೇಲೆ ಕನ್ನಡಕ ಏರಿಸಿ, "ನಗಬೇಡಿ, ಗಾಜು ಅಲ್ಲಾಡುತ್ತೆ. ಕೆಳಗಿನ ಸಾಲು ಓದಿ," ಅಂದ.