ಮದುವೆ ಕಾರಿಗೆ ಕರಿ ಪಟ್ಟೆ

ಸರ್ದಾರ್ ಸಾಬರು ಮದುವೆಗಳಿಗೆ ಕಾರು ಕೊಡುವುದನ್ನು ಎಂಬತ್ತೈದರಲ್ಲಿ ನಿಲ್ಲಿಸಿಬಿಟ್ಟರು. ಪೆಟ್ರೋಲು ದುಬಾರಿಯಾಯಿತಲ್ಲ, ಅದಕ್ಕೆ ಎಂದು ಆರ್.ಟಿ. ನಗರದ ನಮ್ಮ ಬೀದಿಯಲ್ಲಿ ಕೆಲವರು ಹೇಳುತ್ತಿದ್ದರು. ಸೊಂಟ ನೋವು ಎಂದು ಇನ್ನು ಕೆಲವರು. ತಮಗೆ ಗೊತ್ತಿಲ್ಲದ ಸಂಗತಿಗೆ ಕಾರಣ ಒದಗಿಸುವುದರಲ್ಲಿ ನಮ್ಮ ಬೀದಿಯವರಷ್ಟು ಧಾರಾಳಿಗಳು ಬೇರೆಲ್ಲೂ ಸಿಕ್ಕಲಾರರು. ನಿಜವಾದ ಕಾರಣ ನನಗೆ ಗೊತ್ತು. ಅದು ತಿಳಿದ ದಿನ ಆ ಕಾರಿನ ಹಿಂದಿನ ಸೀಟಿನಲ್ಲಿ ನಾನೂ ಕೂತಿದ್ದೆ. ಸಾಬರು ಈಗಿಲ್ಲ. ಅವರ ಮಗ ಅನ್ವರ್, ಬರೆಯುವುದಾದರೆ ಇದ್ದದ್ದು ಇದ್ದಂತೆ ಬರೆಯಿರಿ ಮೇಷ್ಟ್ರೇ ಎಂದಿದ್ದಾನೆ.

ಸಾಬರು ಹೆಬ್ಬಾಳದಲ್ಲಿ ಹುಟ್ಟಿದವರು. ಮೀಸೆ ಮೂಡುವ ಮೊದಲೇ ಲಾರಿ ಕ್ಲೀನರ್ ಆದರು, ಆಮೇಲೆ ಡ್ರೈವರ್ ಆದರು, ಕೊನೆಗೆ ಒಬ್ಬ ಚರ್ಮದ ವ್ಯಾಪಾರಿಯ ಮನೆಯಲ್ಲಿ ಕಾರು ಓಡಿಸಿಕೊಂಡು ಬಹಳ ವರ್ಷ ಇದ್ದರು. ಆ ಕಾರೇ ಈ ಇಂಪಾಲಾ. ಎಂಟು ಸಿಲಿಂಡರಿನ ಅಮೆರಿಕದ ಕಾರು, ಬಿಳಿ ಬಣ್ಣ, ಎಡಗಡೆ ಸ್ಟಿಯರಿಂಗು. ಬಾನೆಟ್ಟಿನ ಮೇಲೆ ಇಬ್ಬರು ಆರಾಮಾಗಿ ಮಲಗಬಹುದಿತ್ತು. ಅದನ್ನು ಸ್ಟಾರ್ಟ್ ಮಾಡಿದರೆ ಎದುರು ಮನೆಯ ನಮ್ಮ ಕಿಟಕಿಯ ಗಾಜು ನಡುಗುತ್ತಿತ್ತು. ಎಪ್ಪತ್ತಮೂರರಲ್ಲಿ ಪೆಟ್ರೋಲಿನ ಬೆಲೆ ಏರಿದಾಗ ಅಷ್ಟು ಕುಡಿಯುವ ಕಾರನ್ನು ಸಾಕುವವರು ಯಾರೂ ಇರಲಿಲ್ಲ. ವ್ಯಾಪಾರಿ ಅದನ್ನು ಸಾಬರಿಗೇ ದಾಟಿಸಿ ಕೈತೊಳೆದುಕೊಂಡರು.

ಸಾಬರು ಅದನ್ನು ಮದುವೆ ಕಾರು ಮಾಡಿದರು. ಯಲಹಂಕ, ಅಮೃತಹಳ್ಳಿ, ಬಾಗಲೂರು, ಚಿಕ್ಕಜಾಲ, ಎಲ್ಲಿ ಚಪ್ಪರ ಎದ್ದರೂ ಅಲ್ಲಿಗೆ ಈ ಕಾರು ಹೋಗುತ್ತಿತ್ತು. ನಿಕಾಹ್ ಆದರೂ ಸರಿ, ಧಾರೆಯಾದರೂ ಸರಿ. ಹೆಣ್ಣು ಕಳಿಸುವ ಹೊತ್ತಿಗೆ ಸಾಬರು ಕಾರನ್ನು ಓಡಿಸುತ್ತಿರಲಿಲ್ಲ, ನಡೆಸುತ್ತಿದ್ದರು. ಹುಡುಗಿಯ ತಾಯಿ ಕಿಟಕಿಯೊಳಗೆ ಕೈಯಿಟ್ಟು ಮಗಳ ಕೈ ಹಿಡಿದುಕೊಂಡು ಊರ ಗಡಿಯವರೆಗೂ ಪಕ್ಕದಲ್ಲೇ ಬರುವಳು. ಅವಳ ಕೈ ತಾನಾಗಿ ಸಡಿಲವಾಗುವವರೆಗೆ ಕಾರು ಮುಂದಕ್ಕೆ ಹೋಗುವ ಹಾಗಿಲ್ಲ. ಅಷ್ಟು ನಿಧಾನ ಹೋದರೆ ಎಂಜಿನ್ ಕಾಯುತ್ತದೆ ಎಂದು ಅನ್ವರ್ ಗೊಣಗುತ್ತಿದ್ದ. ಕಾಯಲಿ ಬಿಡು ಎನ್ನುತ್ತಿದ್ದರು ಸಾಬರು.

ಅನ್ವರ್ ಅವರ ಒಬ್ಬನೇ ಮಗ. ಆಗ ಅವನಿಗೆ ಇಪ್ಪತ್ತೊಂದೋ ಇಪ್ಪತ್ತೆರಡೋ. ಮದರಾಸಿನ ಬಳಿಯ ಶೋಲಾವರಂನಲ್ಲಿ ನಡೆಯುವ ಕಾರಿನ ರೇಸು ನೋಡಲು ಗೆಳೆಯರೊಂದಿಗೆ ಒಮ್ಮೆ ಹೋಗಿ ಬಂದವನು ಅಲ್ಲಿಂದ ಒಂದು ಹುಚ್ಚು ಹತ್ತಿಸಿಕೊಂಡು ಬಂದ. ರೇಸಿನ ಕಾರುಗಳ ಮೇಲೆ ಮೂತಿಯಿಂದ ಡಿಕ್ಕಿಯ ತನಕ ಎರಡು ದಪ್ಪ ಪಟ್ಟೆ ಎಳೆದಿರುತ್ತಾರೆ. ನಮ್ಮ ಇಂಪಾಲಾಕ್ಕೂ ಹಾಗೆ ಎರಡು ಕರಿ ಪಟ್ಟೆ ಹಾಕಿಸಬೇಕು. ಇದೇ ಮಂತ್ರ. ಊಟಕ್ಕೆ ಕೂತರೂ ಅದೇ, ಕಾರು ಒರೆಸುವಾಗಲೂ ಅದೇ. ನನ್ನ ಹತ್ತಿರ ಶಿಫಾರಸಿಗೂ ಬಂದಿದ್ದ. ಗೂಳಿಗೆ ಗೆಜ್ಜೆ ಕಟ್ಟಿ ದೇವರ ಮುಂದೆ ನಿಲ್ಲಿಸಿದ ಹಾಗಿದೆ ನಮ್ಮಪ್ಪ ಮಾಡಿರೋದು ಎಂದು ದೂರಿದ. ಆ ಮಾತಿಗೆ ನನಗೆ ನಗು ಬಂತು, ಆದರೆ ಶಿಫಾರಸು ಮಾಡಲಿಲ್ಲ.

ಸಾಬರು ಎರಡು ವರ್ಷ ಒಂದೇ ಉತ್ತರ ಕೊಟ್ಟರು. ಅತ್ತುಕೊಂಡು ಕೂತ ಹುಡುಗಿಯನ್ನು ಕರೆದೊಯ್ಯುವ ಕಾರು ಜೂಜಿಗೆ ಹೊರಟ ಹಾಗೆ ಕಾಣಬಾರದು. ಪಟ್ಟೆ ಬಿತ್ತು ಎಂದರೆ ಯಾವ ಹಿರಿಯರೂ ಅದರಲ್ಲಿ ಹೆಣ್ಣು ಕೂರಿಸುವುದಿಲ್ಲ. ಪಟ್ಟೆಯ ಮಾತು ಅಲ್ಲಿಗೆ ಮುಗಿಯುತ್ತಿತ್ತು, ಮರುದಿನ ಮತ್ತೆ ಶುರುವಾಗುತ್ತಿತ್ತು.

ಇನ್ನೊಂದು ಕಟ್ಟಪ್ಪಣೆ ಸಾಬರದ್ದು ಇತ್ತು. ಎಡಗಡೆ ಕೂತು ಓಡಿಸುವವನಿಗೆ ಮುಂದಿನ ಲಾರಿಯನ್ನು ಹಿಂದೆ ಹಾಕುವಾಗ ಎದುರಿಗೆ ಏನು ಬರುತ್ತಿದೆ ಎಂಬುದು ಕಾಣುವುದಿಲ್ಲ. ಬಲಗಡೆ ಇನ್ನೊಬ್ಬರು ಕೂತು, ಕತ್ತು ಚಾಚಿ ನೋಡಿ, 'ಬಿಡು' ಅನ್ನಬೇಕು. ಅಪ್ಪ ಓಡಿಸಿದರೆ ಮಗ ನೋಡುವುದು, ಮಗ ಓಡಿಸಿದರೆ ಅಪ್ಪ ನೋಡುವುದು. ಒಬ್ಬರೇ ಕಾರು ಹೊರಗೆ ತೆಗೆಯುವಂತಿಲ್ಲ.

ಆ ಕಟ್ಟಪ್ಪಣೆಯನ್ನು ಮುರಿದವರು ಸಾಬರೇ. ಎಂಬತ್ತೈದರ ಏಪ್ರಿಲ್‌ನಲ್ಲಿ ದೇವನಹಳ್ಳಿಯಲ್ಲಿ ಒಂದು ಮದುವೆಗೆ ಕಾರು ಒಪ್ಪಿಕೊಂಡಿದ್ದರು. ಅವತ್ತು ಅವರಿಗೆ ಮೈ ಸುಡುವ ಜ್ವರ. ಒಪ್ಪಿಕೊಂಡದ್ದನ್ನು ತಪ್ಪಿಸಬಾರದೆಂದು, ಹುಷಾರಾಗಿ ಹೋಗಿ ಬಾ ಎಂದು ಅನ್ವರ್ ಒಬ್ಬನನ್ನೇ ಕಳಿಸಿದರು.

ಹೆಣ್ಣನ್ನು ಇಳಿಸಿ ಬಳ್ಳಾರಿ ರಸ್ತೆಯಲ್ಲಿ ಖಾಲಿ ಕಾರು ತರುತ್ತಿದ್ದ ಅನ್ವರ್‌ಗೆ ಚಿಕ್ಕಜಾಲದ ಹತ್ತಿರ ಒಂದು ಲಾರಿ ಅಡ್ಡ ಸಿಕ್ಕಿತು. ಹೊತ್ತು ಮುಳುಗುತ್ತಿತ್ತು. ಪಕ್ಕದಲ್ಲಿ 'ಬಿಡು' ಅನ್ನುವವರು ಯಾರೂ ಇಲ್ಲ. ಅಂದಾಜಿನ ಮೇಲೆ ಬಲಕ್ಕೆ ತೆಗೆದ. ಎದುರಿಗೆ ಬಸ್ಸು. ಬ್ರೇಕು ಒತ್ತಿ ಲಾರಿಯ ಹಿಂದಕ್ಕೇ ಎಡಕ್ಕೆ ಎಳೆದ, ಎಳೆದದ್ದು ಹೆಚ್ಚಾಯಿತು. ರಸ್ತೆಯ ಅಂಚಿನಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡು ಸೈಕಲ್ಲಿನಲ್ಲಿ ಡೇರಿಗೆ ಹೋಗುತ್ತಿದ್ದ ಒಬ್ಬ ಮನುಷ್ಯ ಬಾನೆಟ್ಟಿಗೆ ಬಡಿದು ಹಳ್ಳಕ್ಕೆ ಬಿದ್ದ. ಲಾರಿ ಮುಂದೆ ಹೋಯಿತು, ಬಸ್ಸು ಹಿಂದೆ ಹೋಯಿತು, ಯಾರಿಗೂ ಗೊತ್ತಾಗಲಿಲ್ಲ. ಅನ್ವರ್ ಕಾರು ನಿಲ್ಲಿಸಿದ. ಬಾಗಿಲು ತೆಗೆಯಲು ಕೈ ಹಾಕಿದ್ದೂ ನಿಜವಂತೆ. ಆಮೇಲೆ ಗೇರು ಹಾಕಿ ಹೊರಟುಬಿಟ್ಟ.

ಮನೆಗೆ ಬಂದವನು ಅಪ್ಪನ ಮಂಚದ ಪಕ್ಕ ಕೂತು ಎಲ್ಲವನ್ನೂ ಹೇಳಿದ. ಸಾಬರು ಆ ಜ್ವರದಲ್ಲೇ ಎದ್ದು ಬಂದು ಕಾರು ತೊಳೆದು, ಟಾರ್ಪಾಲು ಹೊದಿಸಿದರು. ಎಂಜಿನ್ ಕೆಟ್ಟಿದೆ ಎಂದು ಒಪ್ಪಿಕೊಂಡಿದ್ದ ಮದುವೆಗಳನ್ನೆಲ್ಲ ವಾಪಸು ಮಾಡಿದರು. ಹೆಂಡತಿ ಕನೀಜ್‌ಗೂ ಅದನ್ನೇ ಹೇಳಿದರು. ಆಕೆ ನಂಬಲಿಲ್ಲ. ಎರಡು ದಿನ ಕಳೆಯುವಷ್ಟರಲ್ಲಿ ಕಾರಿನ ಮೂತಿಯ ಜಾಲರಿಯೊಳಗಿಂದ ಹುಳಿತ ಹಾಲಿನ ನಾತ ಬರತೊಡಗಿತು, ನೊಣ ಮುತ್ತಿದವು. ಮದುವೆಗೆ ಹೋದ ಕಾರಿಗೆ ಹಾಲು ಎಲ್ಲಿಂದ ಬಂತು ಎಂದು ಕೇಳಿದರು. ಸಾಬರು ಬಕೆಟ್ಟು ಹಿಡಿದು ಜಾಲರಿಗೆ ಇನ್ನೊಮ್ಮೆ ನೀರು ಹೊಯ್ದರು. ಆಕೆ ಕೂಡಲೇ ಮತ್ತೆ ಕೇಳಲಿಲ್ಲ, ಆದರೆ ಊಟ ಬಡಿಸಿ ಪಕ್ಕದಲ್ಲಿ ಕೂರುವುದನ್ನು ಬಿಟ್ಟರು.

ಒಂದು ತಿಂಗಳು ಹೀಗೆ ಹೋಯಿತು. ಅನ್ವರ್ ಬೀದಿಗೆ ಇಳಿಯುವುದನ್ನೇ ಬಿಟ್ಟಿದ್ದ. ಆ ಕಡೆ ಓಡಾಡುವ ಡ್ರೈವರೊಬ್ಬನಿಂದ ಸಾಬರಿಗೆ ಸುದ್ದಿ ಗೊತ್ತಾಯಿತು. ಬಿದ್ದವನು ಚಿಕ್ಕಜಾಲದ ಪಕ್ಕದ ಹಳ್ಳಿಯ ಬ್ಯಾಟರಾಯಪ್ಪ ಎಂಬ ರೈತ. ಜೀವ ಉಳಿದಿದೆ, ಒಂದು ಕಾಲನ್ನು ಮೊಣಕಾಲಿನ ಕೆಳಗೆ ತೆಗೆದಿದ್ದಾರೆ. ಯಾವ ಗಾಡಿ ಹೊಡೆದದ್ದು ಎಂದು ಪೊಲೀಸರಿಗೆ ಪತ್ತೆಯಾಗಿಲ್ಲ. ಇದನ್ನು ಕೇಳಿ ಸಾಬರಿಗೆ ನೆಮ್ಮದಿಯಾಗಿರಬೇಕು, ಭಯವೂ ಆಗಿರಬೇಕು. ಮಾರನೆಯ ದಿನವೇ ಪೇಂಟರ್ ನೂರುಲ್ಲಾನನ್ನು ಕರೆಸಿದರು.

ಬಾನೆಟ್ಟಿನ ತಗ್ಗನ್ನು ಬಡಿದು ಎತ್ತಬಹುದು. ಆದರೆ ಅಷ್ಟು ವರ್ಷದ ಹಳೆಯ ಬಿಳಿಯ ನಡುವೆ ಬಾನೆಟ್ಟು ಮಾತ್ರ ಹೊಸ ಬಿಳಿಯಾಗಿ ಹೊಳೆದರೆ ಹತ್ತು ಜನ ಕೇಳುತ್ತಾರೆ. ಅದರ ಮೇಲೆ ಎರಡು ಕರಿ ಪಟ್ಟೆ ಎಳೆದರೆ ಯಾರೂ ಕೇಳುವುದಿಲ್ಲ. ಮಗನ ಹಟಕ್ಕೆ ಅಪ್ಪ ಕೊನೆಗೂ ಸೋತ ಎಂದು ಜನ ನಕ್ಕು ಸುಮ್ಮನಾಗುತ್ತಾರೆ. ಮದುವೆಗಳು ತಪ್ಪುತ್ತವೆ, ತಪ್ಪಲಿ. ಮಗ ಜೈಲಿಗೆ ಹೋಗುವುದು ತಪ್ಪಿದರೆ ಸಾಕು. ಸಾಬರ ಲೆಕ್ಕಾಚಾರ ಇದು. ಒಬ್ಬನೇ ಮಗನಿರುವ ತಂದೆಯನ್ನು ಇದಕ್ಕೆ ಬೈಯಲು ನನಗೆ ಬಾಯಿ ಬರುವುದಿಲ್ಲ, ಸರಿ ಎನ್ನಲೂ ಬರುವುದಿಲ್ಲ.

ನೂರುಲ್ಲಾ ಬಂದು ಟಾರ್ಪಾಲು ತೆಗೆದು, ತಗ್ಗು ಬಡಿಯುವ ಮೊದಲು ಪಟ್ಟೆಯ ಅಳತೆ ನೋಡಲೆಂದು ಬಾನೆಟ್ಟಿನ ಮೇಲೆ ದಾರ ಹಿಡಿದು ಗುರುತು ಹಾಕಿ, ಅಂಚಿಗೆ ಕಾಗದ ಅಂಟಿಸುತ್ತಿದ್ದಾಗ ಅನ್ವರ್ ಹೊರಗೆ ಬಂದ. ನಾನು ನಮ್ಮ ಜಗುಲಿಯ ಮೇಲೆ ಪತ್ರಿಕೆ ಓದುತ್ತಿದ್ದೆ. ಕೊನೆಗೂ ಗೆದ್ದೆ ಬಿಡು ಮಗಾ ಎಂದು ರೇಗಿಸಬೇಕು ಎಂದುಕೊಂಡವನು ಅವನ ಮುಖ ನೋಡಿ ಬಾಯಿ ಮುಚ್ಚಿದೆ. ಅವನು ಆ ಕಾಗದವನ್ನು ಕಿತ್ತುಹಾಕಿದ.

"ಬೇಡ ಅಬ್ಬಾ," ಅಂದ. "ಪಟ್ಟೆ ಬೇಡ."

"ಎರಡು ವರ್ಷದಿಂದ ಕೇಳ್ತಿದ್ದವನು ನೀನೇ ತಾನೆ?" ಎಂದರು ಸಾಬರು. "ಈಗ ಹಾಕಿಸ್ತೀನಿ ಅಂದ್ರೆ ಬೇಡ ಅಂತೀಯಾ?"

"ಅದನ್ನ ನೋಡಿದಾಗೆಲ್ಲ ನಂಗೆ ಅದು ಪಟ್ಟೆ ಥರ ಕಾಣಲ್ಲ. ಕೆಳಗಿರೋದೇ ಕಾಣತ್ತೆ."

ಸಾಬರು ನೂರುಲ್ಲಾನಿಗೆ ಕೆಲಸ ಮುಂದುವರಿಸಲು ಹೇಳಿದರು. ಅನ್ವರ್ ಬಾನೆಟ್ಟಿಗೆ ಅಡ್ಡ ನಿಂತ. ನೂರುಲ್ಲಾ ಇಬ್ಬರನ್ನೂ ನೋಡಿ, ಬೀಡಿ ಸೇದಿ ಬರುತ್ತೇನೆಂದು ಜಾಣತನದಿಂದ ಜಾಗ ಖಾಲಿ ಮಾಡಿದ. ಆಗ ಕನೀಜ್ ಬಾಗಿಲಿಗೆ ಬಂದರು. ಎರಡು ವರ್ಷ ಒಲ್ಲದ ಪಟ್ಟೆಯನ್ನು ಗಂಡ ತಾನಾಗಿ ಹಾಕಿಸಲು ಹೊರಟಾಗಲೇ ಆಕೆಗೆ ಎಲ್ಲ ಅರ್ಥವಾಗಿತ್ತು. ಮಗನನ್ನು ಕೇಳಿದರು, ಮಗ ಹೇಳಿದ. ಆಕೆ ಮಗನನ್ನು ಬೈಯಲಿಲ್ಲ. ಗಂಡನ ಕಡೆ ತಿರುಗಿ ತಮ್ಮ ಮನೆಯ ದಖ್ಖನಿಯಲ್ಲಿ ಒಂದು ಮಾತು ಕೇಳಿದರು. ಅಷ್ಟು ವರ್ಷದ ನೆರೆಯಲ್ಲಿ ಆ ಭಾಷೆ ನನಗೂ ತಿಳಿಯುತ್ತಿತ್ತು.

"ಅವನು ಹುಡುಗ, ಹೆದರಿ ಓಡಿ ಬಂದ. ಒಂದು ತಿಂಗಳು ಸುಮ್ನಿರೋಕೆ ನಿಮಗೇನಾಗಿತ್ತು?"

ಸಾಬರು ಬಾನೆಟ್ಟಿನ ಮೇಲೆ ಉಳಿದಿದ್ದ ಕಾಗದವನ್ನೂ ತಾವೇ ಕಿತ್ತುಹಾಕಿದರು. ಆಮೇಲೆ ನಮ್ಮ ಜಗುಲಿಗೆ ಬಂದು, ಎಲ್ಲವನ್ನೂ ಹೇಳಿ, ನನ್ನ ಜೊತೆ ಬರ್ತೀರಾ ಮೇಷ್ಟ್ರೇ, ಒಬ್ಬನೇ ಆ ಮನೆಯ ಹೊಸಿಲು ದಾಟುವ ಧೈರ್ಯ ಇಲ್ಲ ಎಂದರು. ನನಗೆ ಸಿಟ್ಟು ಬಂದಿತ್ತು. ಬರುವುದಿಲ್ಲ ಎಂದು ಹೇಳಲು ಹೊರಟವನು ಅಂಗಿ ಹಾಕಿಕೊಂಡು ಬಂದೆ.

ತಗ್ಗು ಬಿದ್ದ ಬಾನೆಟ್ಟಿನ ಕಾರಿನಲ್ಲೇ ಹೋದೆವು. ಸಾಬರು ಓಡಿಸಿದರು, ಅನ್ವರ್ ಬಲಗಡೆ ಕೂತ, ನಾನು ಹಿಂದೆ. ಯಲಹಂಕ ದಾಟಿದ ಮೇಲೆ ಒಂದೆರಡು ಲಾರಿ ಅಡ್ಡ ಸಿಕ್ಕವು. ಅನ್ವರ್ 'ಬಿಡು' ಎನ್ನಲೇ ಇಲ್ಲ. ಸಾಬರು ಅವುಗಳ ಹಿಂದೆಯೇ ಹೋದರು. ಚಿಕ್ಕಜಾಲದ ಪಕ್ಕದ ಆ ಹಳ್ಳಿಗೆ ಕಾರು ನುಗ್ಗುತ್ತಿದ್ದಂತೆ ಮಕ್ಕಳು ಮದುವೆ ಕಾರು ಬಂತು ಎಂದು ಓಡಿಬಂದರು. ಯಾರ ಮನೆ ಹೆಣ್ಣು ಎಂದು ಕಿಟಕಿಯೊಳಗೆ ಇಣುಕಿದರು. ನಮ್ಮ ಮೂವರ ಮುಖ ನೋಡಿ ಅವರಿಗೆ ಬೇಜಾರಾಯಿತು.

ಬ್ಯಾಟರಾಯಪ್ಪ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ತೊಡೆಯ ಮೇಲೆ ಕಂಬಳಿ. ಹೆಂಡತಿ ಮುನಿಕೆಂಪಮ್ಮ ಚಾಪೆ ಹಾಸಿ, ನೀರು ಕೊಟ್ಟರು. ಸಾಬರು ನೀರು ಮುಟ್ಟದೆ, ನಿಂತೇ ವಿಷಯ ಹೇಳಿದರು. ನನ್ನ ಮಗ ಹೊಡೆದ, ನಾನು ಬಚ್ಚಿಟ್ಟೆ, ಇವತ್ತೇ ಠಾಣೆಗೆ ಹೋಗುತ್ತೇವೆ ಎಂದರು. ಅದೇ ಸಂಜೆ ಹೋದರು ಕೂಡ.

ಬ್ಯಾಟರಾಯಪ್ಪನಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ. "ಗೊತ್ತಿತ್ತು ಸಾಬ್ರೆ," ಅಂದರು. "ಆ ಸದ್ದು ಇನ್ಯಾವ್ ಕಾರ್‌ಗೈತೆ?"

ಗೊತ್ತಿದ್ದೂ ಪೊಲೀಸರಿಗೆ ಯಾಕೆ ಹೇಳಲಿಲ್ಲ ಎಂದು ನಾನು ಕೇಳಿಬಿಟ್ಟೆ. ಉತ್ತರ ಕೊಟ್ಟವರು ಮುನಿಕೆಂಪಮ್ಮ. "ನಾನೇ ಬ್ಯಾಡ ಅಂದೆ. ನಮ್ ಉಡ್ಗಿ ಗಂಡನ್ ಮನೆಗೆ ಓಗಿದ್ದು ಅದೇ ಕಾರಲ್ಲಿ. ಅದರ ಮ್ಯಾಲೆ ದೂರು ಕೊಟ್ಟು ಅವಳ ಬಾಳಿಗೆ ಕೇಡು ತಂದ್ಕೊಳಾಣಾ?" ಆಕೆಯ ದನಿಯಲ್ಲಿ ಕ್ಷಮೆ ಇರಲಿಲ್ಲ. ಬೇಗ ಕರೆತಂದಿದ್ದರೆ ಕಾಲು ಉಳಿಯುತ್ತಿತ್ತು ಎಂದು ಆಸ್ಪತ್ರೆಯಲ್ಲಿ ಹೇಳಿದರಂತೆ. ಕತ್ತಲಾದ ಮೇಲೆ ಸಂತೆಯಿಂದ ಬರುವವರ ಕಣ್ಣಿಗೆ ಬೀಳುವ ತನಕ ಬ್ಯಾಟರಾಯಪ್ಪ ಹಳ್ಳದಲ್ಲೇ ಇದ್ದರು.

ಅಷ್ಟು ಹೊತ್ತೂ ನೆಲ ನೋಡುತ್ತಿದ್ದ ಅನ್ವರ್ ಆಗ ಮೊದಲ ಸಲ ಬಾಯಿ ತೆಗೆದ. "ರಸ್ತೆ ಪಕ್ಕದಲ್ಲೇ ಇತ್ತಲ್ಲ," ಅಂದ. "ಬಸ್ಸು, ಲಾರಿ ಎಲ್ಲ ಹೋಗ್ತಿತ್ತು. ಯಾಕೆ ಕೂಗಲಿಲ್ಲ?"

ಬ್ಯಾಟರಾಯಪ್ಪ ಅವನನ್ನು ದಿಟ್ಟಿಸಿ ನೋಡಿದರು. ಆ ನೋಟದಲ್ಲಿ ಕೋಪ ಇದ್ದಿದ್ದರೆ ನಮಗೆಲ್ಲ ಎಷ್ಟೋ ಹಗುರವಾಗುತ್ತಿತ್ತು.

"ಓದ್ ವರ್ಸ ನಮ್ ಉಡ್ಗೀನ ಕರ್ಕೊಂಡು ಓಗುವಾಗ, ಯಲಹಂಕದ್ ತಾವ ಅವಳು ಅವ್ವನ್ನ ಇನ್ನೊಂದ್ ಸಲ ನೋಡ್ಬೇಕು ಅಂತ ಅತ್ತಳಂತೆ. ನಿಮ್ಮಪ್ಪ ಅಷ್ಟು ದೂರದಿಂದ ಕಾರ್ ತಿರುಗಿಸ್ಕೊಂಡು ಬಂದಿದ್ರು. ಇದೂ ಅದೇ ಕಾರಲ್ವಾ. ತಿರುಗಿಸ್ಕೊಂಡು ಬತ್ತಾರೆ ಅಂತ ಮಲ್ಗಿದ್ದೆ ಕಣಪ್ಪ. ಅದ್ಕೇ ಕೂಗ್ಲಿಲ್ಲ."

ಅನ್ವರ್ ಬಾಗಿಲಿನ ಕಡೆ ನೋಡಿದ. ಹೊರಗೆ ಮಕ್ಕಳು ಕಾರಿನ ಹಾರ್ನು ಒತ್ತುತ್ತಿದ್ದರು. ಎದ್ದು ಹೋಗಿಬಿಡುತ್ತಾನೆ ಎಂದುಕೊಂಡೆ. ಅವನು ಹೋಗಲಿಲ್ಲ. ಚಾಪೆಯಿಂದ ಸರಿದು, ಆ ಕಂಬಳಿಯ ಹತ್ತಿರ ಬಂದು ಕೂತ.